ನಮ್ಮ ಓಣಿಯ ಮತ ಯಾರಿಗೆ?

ಪುರಸಭೆಯ ಚುನಾವಣೆಯು ಸಮೀಪಿಸಿದೆ. ಓಣಿ ಓಣಿಗಳಲ್ಲಿ ಧ್ವನಿವರ್ಧಕಗಳು ಕೂಗುತ್ತಿವೆ. ಗೋಡೆ ಗೋಡೆಗಳ ಮೇಲೆ ಕೈಮುಗಿದ ಚಿತ್ರಗಳು ನಗುತ್ತಿವೆ. ಐದು ವರ್ಷಗಳಲ್ಲಿ ಒಮ್ಮೆಯೂ ನಮ್ಮ ಗಟಾರನ್ನು ದಾಟಿ ಬಾರದ ಮಹನೀಯರು ಈಗ ದಿನಕ್ಕೆರಡು ಸಲ ದಾಟಿ ಬರುತ್ತಿದ್ದಾರೆ. ಇಂಥ ಸಮಯದಲ್ಲಿ ನಮ್ಮ ವಾಚಕರನೇಕರು ಕಾರ್ಯಾಲಯಕ್ಕೆ ಬಂದು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ: “ಮೂರು ಪಕ್ಷದವರೂ ಬಂದು ಹೋದರು; ಮೂವರೂ ಒಳ್ಳೆಯ ಮಾತನ್ನೇ ಆಡಿದರು; ನಾವು ಯಾರನ್ನು ಬೆಂಬಲಿಸಬೇಕು?”

ಒಂದು ಹೆಸರನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿ, ‘ಇವರಿಗೇ ಮತ ಕೊಡಿರಿ’ ಎಂದು ಹೇಳಿಬಿಡುವದು ಪತ್ರಿಕೆಗೆ ಸುಲಭದ ಕೆಲಸ. ಆದರೆ ಕಾರಣವನ್ನು ಹೇಳದೆ ಹೆಸರನ್ನು ಮಾತ್ರ ಹೇಳುವ ಪತ್ರಿಕೆಯು ವಾಚಕರ ಬುದ್ಧಿಯನ್ನು ಅವಮಾನಿಸಿದಂತೆಯೇ ಸರಿ. ಆದುದರಿಂದ ನಾವೇ ಆ ಮೂವರು ಉಮೇದುವಾರರನ್ನು ಒಬ್ಬೊಬ್ಬರಾಗಿ ಕಂಡು, ನಾಲ್ಕಾರು ಜನ ನೆರೆಹೊರೆಯವರ ಸಮಕ್ಷಮದಲ್ಲಿ ಅರ್ಧರ್ಧ ತಾಸು ಮಾತನಾಡಿ, ಒಂದು ನಿರ್ಣಯಕ್ಕೆ ಬಂದಿದ್ದೇವೆ. ಆ ನಿರ್ಣಯವನ್ನೂ ಅದರ ಕಾರಣಗಳನ್ನೂ ಇಲ್ಲಿ ನಿವೇದಿಸುತ್ತೇವೆ. ಹೆಸರುಗಳನ್ನು ಮುದ್ರಿಸಿಲ್ಲ. ಊರಿನವರಿಗೆ ಅವರಾರೆಂದು ಹೇಳಬೇಕಾದ ಅಗತ್ಯವಿಲ್ಲ. ಪರಸ್ಥಳದ ವಾಚಕರಿಗೆ ಹೆಸರಿಗಿಂತ ಆರಿಸುವ ರೀತಿಯೇ ಹೆಚ್ಚು ಉಪಯುಕ್ತ.

ಮೊದಲು ಒಂದು ಮಾತು. ‘ಇದೇನು ಮಹಾ ಚುನಾವಣೆ? ವಿಧಾನಸಭೆಯದೇ, ಲೋಕಸಭೆಯದೇ? ಒಂದು ಓಣಿಯ ಸದಸ್ಯನನ್ನು ಆರಿಸಲು ಇಷ್ಟು ವಿಚಾರವೇಕೆ?’ ಎಂದು ಕೆಲವರು ಕೇಳಬಹುದು. ಹೀಗೆ ಕೇಳುವವರು ದೇಶದ ಇತಿಹಾಸವನ್ನು ಸ್ವಲ್ಪ ನೆನೆಯಬೇಕು. ಸರದಾರ ವಲ್ಲಭಭಾಯಿ ಪಟೇಲರು 1917ರಲ್ಲಿ ಅಹಮದಾಬಾದಿನ ನಗರಸಭೆಯನ್ನು ಸದಸ್ಯರಾಗಿ ಪ್ರವೇಶಿಸಿ 1924ರಲ್ಲಿ ಅದರ ಅಧ್ಯಕ್ಷರಾದರು. ಪಂಡಿತ ಜವಾಹರಲಾಲ ನೆಹರೂ ಅವರು 1923ರಲ್ಲಿ ಅಲಹಾಬಾದಿನ ನಗರಸಭೆಗೆ ಅಧ್ಯಕ್ಷರಾದರು. ಸುಭಾಷಚಂದ್ರ ಬೋಸರು 1924ರಲ್ಲಿ ಕಲಕತ್ತೆಯ ಮಹಾನಗರಸಭೆಯ ಮುಖ್ಯ ಕಾರ್ಯನಿರ್ವಾಹಕರಾಗಿ, 1930ರಲ್ಲಿ ಅಲ್ಲಿಯೇ ಮೇಯರರಾಗಿ ದುಡಿದರು. ಸಾಮ್ರಾಜ್ಯವನ್ನೇ ಎದುರಿಸಿ ನಿಂತ ಆ ಮಹಾಪುರುಷರು ಊರಿನ ಗಟಾರು, ಬೀದಿಯ ದೀಪ, ಕುಡಿಯುವ ನೀರು ಇವುಗಳನ್ನು ತಮ್ಮ ಘನತೆಗೆ ಕಡಿಮೆಯೆಂದು ಬಗೆಯಲಿಲ್ಲ. ಅವರಿಗೆ ಕಡಿಮೆಯಾಗದ ಕಾರ್ಯವು ನಮಗೆ ಕಡಿಮೆಯಾದೀತೇ?

ಅಂದು ನಗರಸಭೆಯ ಮತವು ಆಸ್ತಿಯುಳ್ಳವರಿಗೂ ತೆರಿಗೆ ಕೊಡುವವರಿಗೂ ಮೀಸಲಾಗಿದ್ದಿತು. ಇಂದು ಕೂಲಿಯವನಿಗೂ ಒಂದೇ ಮತ, ಸಾಹುಕಾರನಿಗೂ ಒಂದೇ ಮತ. 1992ರಲ್ಲಿ ಸಂಸತ್ತು ಅಂಗೀಕರಿಸಿದ 74ನೆಯ ಸಂವಿಧಾನ ತಿದ್ದುಪಡಿಯು ನಗರಸಂಸ್ಥೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ದೊರಕಿಸಿ, 12ನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಅವುಗಳಿಗಾಗಿ ಹೆಸರಿಸಿತು. ನೀರು, ರಸ್ತೆ, ನೈರ್ಮಲ್ಯ, ಕೊಳೆಗೇರಿಗಳ ಸುಧಾರಣೆ, ಬೀದಿದೀಪ, ಸ್ಮಶಾನ, ಕಸಾಯಿಖಾನೆ, ಜನನ ಮರಣಗಳ ದಾಖಲೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಮನುಷ್ಯನು ಹುಟ್ಟಿದ ದಿನ ಅವನ ಹೆಸರನ್ನು ಬರೆದುಕೊಳ್ಳುವದೂ ಪುರಸಭೆಯೇ. ಸತ್ತ ದಿನ ಅವನಿಗೆ ಮೂರು ಮೊಳ ಜಾಗವನ್ನು ತೋರಿಸುವದೂ ಪುರಸಭೆಯೇ. ಹಿರಿಯರು ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು 1956ರಲ್ಲಿ ಒಂದುಗೂಡಿಸಿದ್ದು ಕನ್ನಡಿಗನಿಗೆ ತನ್ನ ಸರಕಾರವು ತನ್ನ ಮಾತಿನಲ್ಲಿ, ತನ್ನ ಕೈಗೆ ಎಟಕುವಂತಿರಲಿ ಎಂದಲ್ಲವೇ? ಎಲ್ಲಕ್ಕೂ ಮೊದಲು ಕೈಗೆ ಎಟಕುವ ಸರಕಾರವೆಂದರೆ ಪುರಸಭೆಯ ಕಚೇರಿಯ ಆ ಚಿಕ್ಕ ಕಿಟಕಿ.

ಆ ಕಿಟಕಿಯ ಹಿಂದೆ ಕುಳಿತವರು ಮನುಷ್ಯತ್ವವನ್ನು ಮರೆತರೆ ಏನಾಗುವದೆಂಬುದನ್ನೂ ನಾವು ಕಂಡಿದ್ದೇವೆ. 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆತಲಾಂತರದಿಂದ ಊರಿನ ಮಲವನ್ನು ಹೊತ್ತ ಸಮಾಜದ ಜನರು ಪುರಸಭೆಯ ಕಚೇರಿಯ ಎದುರಿನಲ್ಲಿ ಅದೇ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ನಿಂತರು. ತಾವು ಬಾಳಿ ಬದುಕಿದ ಜಾಗದಿಂದ ತಮ್ಮನ್ನು ಎಬ್ಬಿಸಲಾಗುತ್ತಿದೆ ಎಂಬುದು ಅವರ ದೂರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯು 1993ರಲ್ಲಿಯೇ ಆಗಿದ್ದಿತು. ಕಾಯಿದೆಯು ದಿಲ್ಲಿಯಲ್ಲಾಗುವದು, ಆದರೆ ಅದು ನಡೆಯುವದೋ ಬಿಡುವದೋ ಊರಿನಲ್ಲಿ. ಊರಿನ ಸಭೆಯಲ್ಲಿ ಆ ಜನರ ಪರವಾಗಿ ಎದ್ದು ನಿಂತು ಕೇಳುವವರು ಇರಬೇಕಾಗಿದ್ದಿತು. ಓಣಿಯ ಸದಸ್ಯನನ್ನು ಆರಿಸುವದೆಂದರೆ ಹಾಗೆ ಎದ್ದು ನಿಲ್ಲುವವನನ್ನು ಆರಿಸುವದು.

ಇನ್ನು, ವ್ಯಕ್ತಿಯನ್ನು ನೋಡಬೇಕೇ, ಪಕ್ಷವನ್ನು ನೋಡಬೇಕೇ? ಇದು ಬಹುಜನರನ್ನು ಕಾಡುವ ಪ್ರಶ್ನೆ. ಗ್ರಾಮ ಪಂಚಾಯತಿಯ ಚುನಾವಣೆಯು ನಮ್ಮ ರಾಜ್ಯದಲ್ಲಿ ಪಕ್ಷಗಳ ಗುರುತಿಲ್ಲದೆ ನಡೆಯುವದು. ಪುರಸಭೆಯದು ಪಕ್ಷಗಳ ಗುರುತಿನ ಮೇಲೆ ನಡೆಯುವದು. ‘ಗಟಾರಿಗೆ ಯಾವ ಪಕ್ಷ?’ ಎಂದು ಹಾಸ್ಯ ಮಾಡುವವರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ. ಪಕ್ಷವಿದ್ದರೆ ಸದಸ್ಯನ ತಪ್ಪಿಗೆ ಉತ್ತರ ಹೇಳಲು ಇನ್ನೊಂದು ಮನೆಯಿರುವದು; ಒಂಟಿ ಮನುಷ್ಯನು ಕೈಯೆತ್ತಿದರೆ ನಾವು ಯಾರನ್ನು ಕೇಳೋಣ? ಆದರೆ ಪಕ್ಷದ ಹಗ್ಗವು ಕೊರಳಿಗೂ ಬೀಳಬಹುದು. 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯಿದೆಯ ಮೇರೆಗೆ, ಪಕ್ಷದ ಆಜ್ಞೆಯನ್ನು ಮೀರಿ ಸಭೆಯಲ್ಲಿ ಮತ ಕೊಟ್ಟ ಸದಸ್ಯನು ತನ್ನ ಸ್ಥಾನವನ್ನೇ ಕಳೆದುಕೊಳ್ಳುವ ಸಂಭವವುಂಟು. ಆದುದರಿಂದ ವ್ಯಕ್ತಿಯು ಎಷ್ಟೇ ಸಜ್ಜನನಾಗಿದ್ದರೂ ಅವನ ಕೊರಳಿನ ಹಗ್ಗವು ಯಾರ ಕೈಯಲ್ಲಿದೆಯೆಂಬುದನ್ನು ನೋಡಲೇಬೇಕು. ಪಕ್ಷವು ಎಷ್ಟೇ ಪ್ರಿಯವಾಗಿದ್ದರೂ ಅದು ನಮ್ಮ ಬಾಗಿಲಿಗೆ ಕಳುಹಿದ ಮನುಷ್ಯನು ಎಂಥವನೆಂಬುದನ್ನೂ ನೋಡಲೇಬೇಕು. ಒಂದು ಕಣ್ಣಿನಿಂದ ಮಾತ್ರ ನೋಡುವವನಿಗೆ ದೂರವು ತಿಳಿಯದು.

ಈ ಎರಡು ಕಣ್ಣುಗಳನ್ನಿಟ್ಟುಕೊಂಡು ನಾವು ಮೂವರನ್ನು ಕಂಡೆವು. ಮೂವರಿಗೂ ಕೇಳಿದ್ದು ಅವೇ ನಾಲ್ಕು ಪ್ರಶ್ನೆಗಳು. ಒಂದು: ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ ಬರುವ ನಳದ ನೀರಿಗೆ ಏನು ಮಾಡುವಿರಿ? ಎರಡು: ಪುರಸಭೆಯ ಆಯವ್ಯಯ ಪತ್ರಕವನ್ನು ಓದಿದ್ದೀರಾ? ಮೂರು: ಪುರಸಭೆಯ ಗುತ್ತಿಗೆಗಳಲ್ಲಿ ನಿಮಗಾಗಲಿ ನಿಮ್ಮವರಿಗಾಗಲಿ ಸಂಬಂಧವಿದೆಯೇ? ನಾಲ್ಕು: ಪಕ್ಷದ ಆಜ್ಞೆಯು ಓಣಿಯ ಹಿತಕ್ಕೆ ವಿರುದ್ಧವಾಗಿ ಬಂದರೆ ಏನು ಮಾಡುವಿರಿ?

ಮೊದಲನೆಯವರು ಈಗಿನ ಸದಸ್ಯರು. ಹಿರಿಯರು, ಸಂಭಾವಿತರು, ನಮಗೆ ಮೂವತ್ತು ವರ್ಷಗಳ ಸ್ನೇಹಿತರು. ಅವರ ಪಕ್ಷಕ್ಕೆ ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಮತ ಬಿದ್ದಿದೆಯೆಂಬುದನ್ನೂ ಮರೆಮಾಚದೆ ಹೇಳುತ್ತೇವೆ. ನೀರಿನ ವಿಷಯದಲ್ಲಿ ಅವರಿಗಿರುವಷ್ಟು ತಿಳಿವಳಿಕೆಯು ಬೇರೆ ಇಬ್ಬರಿಗೂ ಇಲ್ಲ. ಯಾವ ಕೊಳವೆ ಎಲ್ಲಿ ಒಡೆದಿದೆ, ಯಾವ ತಿರುಪನ್ನು ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುವದು ಎಂಬುದೆಲ್ಲ ಅವರಿಗೆ ಕಂಠಪಾಠ. ‘ಹಾಗಿದ್ದರೆ ಐದು ವರ್ಷ ಏಕೆ ಸರಿಯಾಗಲಿಲ್ಲ?’ ಎಂದು ಕೇಳಿದೆವು. “ಮೇಲಿನವರ ಮನಸ್ಸು ಬರಬೇಕಲ್ಲ ರಾಯರೇ, ಆಗಲಿ ನೋಡೋಣ” ಎಂದರು. ಆಯವ್ಯಯದ ಪ್ರಶ್ನೆಗೆ, “ಅದನ್ನು ಮುಖ್ಯಾಧಿಕಾರಿಗಳು ನೋಡಿಕೊಳ್ಳುತ್ತಾರೆ” ಎಂದರು. ಗುತ್ತಿಗೆಯ ಕಳಂಕವು ಅವರಿಗಿಲ್ಲ. ಇದನ್ನು ಅವರ ವಿರೋಧಿಗಳೂ ಒಪ್ಪುವರು. ನಾಲ್ಕನೆಯ ಪ್ರಶ್ನೆಗೆ ಅವರು ಬಹಳ ಹೊತ್ತು ಸುಮ್ಮನಿದ್ದು, “ಪಕ್ಷ ಹೇಳಿದ ಮೇಲೆ ನಾನೇನು ಮಾಡಲಿ?” ಎಂದರು. ಆ ಒಂದು ವಾಕ್ಯದಲ್ಲಿ ಅವರ ಐದು ವರ್ಷಗಳ ಚರಿತ್ರೆಯೆಲ್ಲ ಅಡಗಿದ್ದಿತು. ಸಜ್ಜನಿಕೆಯುಂಟು, ಅನುಭವವುಂಟು, ಇಲ್ಲದ್ದು ಬೆನ್ನೆಲುಬು.

ಎರಡನೆಯವರು ತರುಣರು, ಧನಿಕರು, ಗುತ್ತಿಗೆದಾರರು. ನೀರಿನ ಪ್ರಶ್ನೆಯನ್ನು ಕೇಳಿ ಮುಗಿಸುವ ಮೊದಲೇ, “ನನ್ನ ಸ್ವಂತ ಖರ್ಚಿನಿಂದ ಕೊಳವೆಬಾವಿ ತೋಡಿಸುತ್ತೇನೆ, ಅಲ್ಲಿಯವರೆಗೆ ದಿನಕ್ಕೊಂದು ಟ್ಯಾಂಕರ ಕಳುಹಿಸುತ್ತೇನೆ” ಎಂದರು. ಕೂಡಿದ್ದ ಕೆಲವರು ತಲೆದೂಗಿದರು. ಪುಕ್ಕಟೆ ಬರುವದಕ್ಕೆ ತಲೆದೂಗುವದು ಮನುಷ್ಯಸ್ವಭಾವ. ಆದರೆ ನಾವು ಮತ್ತೊಮ್ಮೆ ಮೂರನೆಯ ಪ್ರಶ್ನೆಯನ್ನು ಕೇಳಿದೆವು. ಪುರಸಭೆಯ ಗುತ್ತಿಗೆಯಲ್ಲಿ ಪಾಲುಳ್ಳವನು ಪುರಸಭೆಯ ಸದಸ್ಯನಾಗಿರಲಾಗದೆಂದು 1964ರ ಪುರಸಭೆಗಳ ಕಾಯಿದೆಯು ಕಟ್ಟಳೆ ಮಾಡಿದೆ. ಅವರು ನಗುತ್ತ, “ನನ್ನ ಹೆಸರಿನಲ್ಲಿ ಒಂದೂ ಇಲ್ಲ, ಎಲ್ಲವೂ ತಮ್ಮನ ಹೆಸರಿನಲ್ಲಿವೆ” ಎಂದರು. ಈ ಉತ್ತರವನ್ನು ಕಾಯಿದೆಯ ಪಂಡಿತರು ಹೇಗೆ ಅರ್ಥೈಸುವರೋ ಅವರಿಗೆ ಬಿಟ್ಟಿದ್ದು. ಸಾಮಾನ್ಯ ಬುದ್ಧಿಯುಳ್ಳವರಿಗೆ ಅದರ ಅರ್ಥವು ಸ್ಪಷ್ಟವಾಗಿದೆ. ಇಂದು ಕೈಯಿಂದ ಹಾಕುವ ನೂರು ರೂಪಾಯಿಯು ನಾಳೆ ರಸ್ತೆಯ ಡಾಂಬರಿನಲ್ಲಿ ಸಾವಿರವಾಗಿ ಹುಟ್ಟುವದು. ಅದಲ್ಲದೆ, ದಾನದ ನೀರನ್ನು ಕುಡಿದವನು ಹಕ್ಕಿನ ನೀರನ್ನು ಕೇಳಲು ನಾಚುವನು. ನಾವು ತೆರಿಗೆ ತೆತ್ತು ಪಡೆಯಬೇಕಾದುದನ್ನು ಯಾರದೋ ಔದಾರ್ಯದಿಂದ ಪಡೆಯುವದು ಸ್ವರಾಜ್ಯದ ಲಕ್ಷಣವಲ್ಲ. ಇವರನ್ನು ಬೆಂಬಲಿಸಲಾಗದೆಂಬ ತೀರ್ಮಾನಕ್ಕೆ ಬರಲು ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮೂರನೆಯವರು ಒಬ್ಬ ಗೃಹಿಣಿ. ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಹಲವು ವರ್ಷ ಬರೆದವರು. ನಾವು ಹೋದಾಗ ಅವರ ಯಜಮಾನರೂ ಜತೆಗೆ ಕುಳಿತಿದ್ದರು. ಮೊದಲನೆಯ ಪ್ರಶ್ನೆಗೆ ಯಜಮಾನರು ಉತ್ತರ ಕೊಟ್ಟರು. ಎರಡನೆಯದಕ್ಕೂ ಅವರೇ ಬಾಯಿ ತೆರೆದರು. ನಿಜ ಹೇಳಬೇಕೆಂದರೆ, ಅಷ್ಟಕ್ಕೇ ಎದ್ದು ಬರಬೇಕೆಂದು ನಮಗೆ ಅನಿಸಿತು. ನಮ್ಮ ನಾಡಿನ ಸ್ಥಳೀಯ ಸಂಸ್ಥೆಗಳಲ್ಲಿ ಸ್ಥಾನವು ಹೆಂಡತಿಯದು, ಕುರ್ಚಿಯು ಗಂಡನದು ಎಂಬ ನಾಟಕವನ್ನು ನಾವು ಸಾಕಷ್ಟು ಕಂಡಿದ್ದೇವೆ. ಆದರೂ, ‘ತಾವು ಸ್ವಲ್ಪ ಹೊರಗೆ ಕುಳಿತಿರಬೇಕು’ ಎಂದು ಯಜಮಾನರಲ್ಲಿ ವಿನಂತಿಸಿ, ಮೊದಲಿನಿಂದ ಮತ್ತೆ ಕೇಳಿದೆವು. ಆಗ ಆ ತಾಯಿಯು ಹೇಳಿದ್ದನ್ನು ಸಾಧ್ಯವಾದಷ್ಟು ಅವರ ಮಾತಿನಲ್ಲಿಯೇ ಕೊಡುತ್ತೇವೆ:

“ನೀರು ನಾಳೆಯೇ ಬರುತ್ತದೆ ಎಂದು ನಾನು ಹೇಳಲಾರೆ ಅಣ್ಣಾವರೇ. ಆದರೆ ಯಾವ ಓಣಿಗೆ ಯಾವ ದಿನ ಬಿಡುತ್ತಾರೆ ಎಂಬುದನ್ನು ಬರೆದು ಗೋಡೆಗೆ ಹಚ್ಚಿಸಬಹುದು. ಈಗ ದೊಡ್ಡವರ ಮನೆಯ ಮುಂದೆ ಎರಡು ದಿನಕ್ಕೊಮ್ಮೆ, ನಮ್ಮ ಮುಂದೆ ಎಂಟು ದಿನಕ್ಕೊಮ್ಮೆ ಬರುತ್ತದೆ. ಇದ್ದ ನೀರನ್ನು ಸರಿಯಾಗಿ ಹಂಚಿದರೆ ಅರ್ಧ ಸಂಕಟ ಹೋಗುತ್ತದೆ. ಆಯವ್ಯಯ ನಾನು ಓದಿಲ್ಲ, ಕೇಳಿದೆ, ಕೊಡಲಿಲ್ಲ. ಸಂಘದ ಲೆಕ್ಕ ಬರೆದವಳಿಗೆ ಅದೇನು ಕಬ್ಬಿಣದ ಕಡಲೆಯಲ್ಲ.” ನಾಲ್ಕನೆಯ ಪ್ರಶ್ನೆಗೆ, “ಅಧ್ಯಕ್ಷರ ಚುನಾವಣೆಯಲ್ಲಿ ಪಕ್ಷ ಹೇಳಿದಂತೆ ಕೈಯೆತ್ತುತ್ತೇನೆ. ಅದರ ಗುರುತಿನ ಮೇಲೆಯೇ ಮತ ಕೇಳುತ್ತಿದ್ದೇನಲ್ಲ. ಆದರೆ ಓಣಿಗೆ ಅನ್ಯಾಯವಾಗುವ ಮಾತು ಬಂದರೆ ಸುಮ್ಮನೆ ಕೂಡುವದಿಲ್ಲ. ಎದ್ದು ಹೇಳುತ್ತೇನೆ, ಹೇಳಿದ್ದನ್ನು ನಡಾವಳಿಯಲ್ಲಿ ಬರೆಸುತ್ತೇನೆ. ಆಮೇಲೆ ಸ್ಥಾನ ಹೋದರೆ ಹೋಗಲಿ” ಎಂದರು.

ಇಲ್ಲಿಗೆ ನಮ್ಮ ಕಷ್ಟವು ಆರಂಭವಾಯಿತು. ಒಂದು ಕಡೆ ಸ್ನೇಹ, ಅಭ್ಯಾಸ, ಅನುಭವ. ಇನ್ನೊಂದು ಕಡೆ ಅನುಭವವಿಲ್ಲದ, ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ಧೈರ್ಯವುಳ್ಳ ವ್ಯಕ್ತಿ. ಮೂರನೆಯವರ ಪಕ್ಷದ ಎಲ್ಲ ನಿಲುವುಗಳೂ ನಮಗೆ ಒಪ್ಪಿಗೆಯಾದವುಗಳಲ್ಲ. ಹೊರಗೆ ಕುಳಿತಿದ್ದ ಯಜಮಾನರು ನಾಳೆ ಒಳಗೆ ಬಂದು ಕುಳಿತಾರೆಂಬ ಭಯವೂ ಇದ್ದೇ ಇದೆ. ಎರಡು ರಾತ್ರಿ ವಿಚಾರ ಮಾಡಿದೆವು. ಕೊನೆಗೆ ನಮ್ಮ ಮನಸ್ಸನ್ನು ತಿರುಗಿಸಿದ್ದು ಇದು: ತಿಳಿವಳಿಕೆಯನ್ನು ಆರು ತಿಂಗಳಲ್ಲಿ ಸಂಪಾದಿಸಬಹುದು, ಎದ್ದು ನಿಲ್ಲುವ ಗುಣವು ಅರವತ್ತು ವರ್ಷವಾದರೂ ಬಾರದವನಿಗೆ ಬಾರದು. ಪುರಸಭೆಯಲ್ಲಿ ಶಾಸಕರೂ ಸಂಸದರೂ ಮತವುಳ್ಳ ಸದಸ್ಯರಾಗಿ ಕೂಡುವರು. ಅಂಥ ದೊಡ್ಡವರ ಎದುರಿನಲ್ಲಿ ‘ಇದು ಸರಿಯಲ್ಲ’ ಎಂದು ಹೇಳಬಲ್ಲ ಒಂದು ಕಂಠವು ನಮ್ಮ ಓಣಿಗೆ ಬೇಕು. ಆದುದರಿಂದ ನಮ್ಮ ಬೆಂಬಲವನ್ನು ಆ ಮೂರನೆಯವರಿಗೆ ಕೊಡಲು ನಿಶ್ಚಯಿಸಿದ್ದೇವೆ.

ಆದರೆ ಬೆಂಬಲವು ದಾನವಲ್ಲ, ಅದೊಂದು ಕರಾರು. ಮೂರು ಮಾತುಗಳನ್ನು ನಾವು ಅವರಿಂದ ಸಾಕ್ಷಿಗಳ ಸಮಕ್ಷಮದಲ್ಲಿ ಪಡೆದಿದ್ದೇವೆ. ಮೂರು ತಿಂಗಳಿಗೊಮ್ಮೆ ಶಾಲೆಯ ಬಯಲಿನಲ್ಲಿ ಓಣಿಯ ಸಭೆಯನ್ನು ಕರೆದು ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳತಕ್ಕದ್ದು. ಅವರ ಕುರ್ಚಿಯಲ್ಲಿ ಅವರೇ ಕೂಡತಕ್ಕದ್ದು, ಅವರ ಸಹಿಯನ್ನು ಅವರೇ ಮಾಡತಕ್ಕದ್ದು. ಪಕ್ಷವನ್ನು ಬಿಡಬೇಕೆನಿಸಿದರೆ ಮೊದಲು ಸ್ಥಾನವನ್ನು ಬಿಡತಕ್ಕದ್ದು. ಇವುಗಳಲ್ಲಿ ಯಾವುದನ್ನು ಮುರಿದರೂ ಇದೇ ಪತ್ರಿಕೆಯು ಇದೇ ಸ್ಥಳದಲ್ಲಿ ಅದನ್ನು ಬರೆಯುವದು. ನಮ್ಮ ಹಿರಿಯ ಸ್ನೇಹಿತರಿಗೂ ಒಂದು ಮಾತು: ಇದು ಸ್ನೇಹದ್ರೋಹವಲ್ಲ. ಅವರೇ ಗೆದ್ದು ಬಂದರೆ ಅವೇ ನಾಲ್ಕು ಪ್ರಶ್ನೆಗಳನ್ನು ಹಿಡಿದುಕೊಂಡು ಅವರ ಮನೆಯ ಕಟ್ಟೆಗೆ ಹೋಗುವೆವು. ಅವರು ಚಹಾ ಕೊಡದೆ ಕಳುಹಿಸಲಾರರೆಂದು ನಂಬಿದ್ದೇವೆ.

ಬೇರೆ ಓಣಿಗಳ, ಬೇರೆ ಊರುಗಳ ವಾಚಕರಿಗೆ ನಮ್ಮ ವಿಜ್ಞಾಪನೆಯಿಷ್ಟೇ. ನಮ್ಮ ತೀರ್ಮಾನವನ್ನು ಎರವಲು ಪಡೆಯಬೇಡಿರಿ. ಬೇಕಾದರೆ ನಮ್ಮ ಪ್ರಶ್ನೆಗಳನ್ನು ಪಡೆಯಿರಿ. ಉಮೇದುವಾರರು ಮೆರವಣಿಗೆಯಲ್ಲಿ ಬಂದಾಗ ಹಾರ ಹಾಕಿ ಕಳುಹಿಸದೆ ಕೂಡ್ರಿಸಿ ಕೇಳಿರಿ. ಅವರು ಸಲ್ಲಿಸಿದ ಪ್ರಮಾಣಪತ್ರವನ್ನು ಓದಿರಿ. ಉಮೇದುವಾರನ ಆಸ್ತಿ, ಸಾಲ, ವಿದ್ಯೆ, ಅವನ ಮೇಲಿರುವ ಮೊಕದ್ದಮೆ ಇವುಗಳನ್ನು ತಿಳಿಯುವದು ಮತದಾರನ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಸಾರಿತು. ಹಕ್ಕನ್ನು ಕೊಟ್ಟ ನ್ಯಾಯಾಲಯವು ಓದುವ ಶ್ರಮವನ್ನು ನಮ್ಮ ಪರವಾಗಿ ಮಾಡಲಾರದು. ರಾತ್ರಿಯಲ್ಲಿ ಬಾಗಿಲ ಸಂದಿಯಿಂದ ತೂರಿ ಬರುವ ನೋಟನ್ನು ಮುಟ್ಟಬೇಡಿರಿ. ಕೊಡುವವನಂತೆ ಕೊಳ್ಳುವವನೂ ಕಾಯಿದೆಯ ದೃಷ್ಟಿಯಲ್ಲಿ ಅಪರಾಧಿ. ಐದು ವರ್ಷಕ್ಕೆ ಹಂಚಿ ನೋಡಿದರೆ ಆ ನೋಟು ದಿನಕ್ಕೆ ಒಂದು ಎಲೆಯಡಿಕೆಯ ಬೆಲೆಯನ್ನೂ ತರಲಾರದು.

‘ನನ್ನ ಒಂದು ಮತದಿಂದೇನು?’ ಎನ್ನುವವರಿಗೆ ಎರಡು ಉದಾಹರಣೆಗಳು ಸಾಕು. 2004ರ ವಿಧಾನಸಭೆಯ ಚುನಾವಣೆಯಲ್ಲಿ ಸಂತೇಮರಹಳ್ಳಿಯ ಕ್ಷೇತ್ರವು ಒಂದೇ ಒಂದು ಮತದಿಂದ ನಿರ್ಣಯವಾಯಿತು, ಆರ್. ಧ್ರುವನಾರಾಯಣರು ಗೆದ್ದರು, ಎ. ಆರ್. ಕೃಷ್ಣಮೂರ್ತಿಯವರು ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದ ನಿರ್ಣಯವು 16 ಮತಗಳ ಮೇಲೆ ನಿಂತಿತು. ಅಷ್ಟು ವಿಸ್ತಾರವಾದ ಕ್ಷೇತ್ರಗಳ ಗತಿಯೇ ಹೀಗಿರುವಾಗ, ಒಂದು ಓಣಿಯ ಚುನಾವಣೆಯಲ್ಲಿ ಒಂದು ಮನೆಯ ಜನರು ಮಲಗಿದ್ದರೂ ಫಲವು ಬದಲಾಗಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಆರಿಸುವ ಹಕ್ಕು ತಾನಾಗಿಯೇ ಉಳಿಯುವ ವಸ್ತುವಲ್ಲ. ನಮ್ಮ ರಾಜ್ಯದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆಯಾಗಿ 2021ರಲ್ಲಿ ಅವಧಿಯು ತೀರಿತು. ಆ ಮೇಲೆ ವರ್ಷ ವರ್ಷಗಳು ಕಳೆದರೂ ಚುನಾವಣೆಯು ನಡೆಯಲಿಲ್ಲ. ರಾಜಧಾನಿಯ ಮಹಾನಗರ ಪಾಲಿಕೆಯ ಅವಧಿಯು 2020ರಲ್ಲಿ ಮುಗಿದ ಮೇಲೆ ಅಲ್ಲಿಯೂ ಹೀಗೆಯೇ ಆಯಿತು. ಜನಪ್ರತಿನಿಧಿಗಳ ಕುರ್ಚಿಗಳಲ್ಲಿ ಅಧಿಕಾರಿಗಳು ಕುಳಿತರು. ಎಲ್ಲ ಪಕ್ಷಗಳ ಸರಕಾರಗಳೂ ಇದನ್ನು ಸಹಿಸಿದವು. ಅದಕ್ಕಿಂತ ಶೋಚನೀಯವೆಂದರೆ ನಾವೂ ಸಹಿಸಿದೆವು. ಬಳಸದ ಬಾವಿಯು ಹೂಳುವಂತೆ ಬಳಸದ ಹಕ್ಕೂ ಹೂಳುವದು.

ಕನ್ನಡಿಗರೇ, ನಮ್ಮ ಓಣಿಗೆ ಈ ಸಲ ಆರಿಸುವ ಭಾಗ್ಯವು ಒದಗಿದೆ. ಮತಗಟ್ಟೆಯ ಆ ಚಿಕ್ಕ ಮರೆಯಲ್ಲಿ ನಿಂತಾಗ ಜಾತಿಯೂ ಕಾಣದು, ನೆಂಟನೂ ಕಾಣನು, ನೋಟು ಕೊಟ್ಟವನೂ ಕಾಣನು; ಕಾಣುವದು ನಮ್ಮ ಮನಸ್ಸಾಕ್ಷಿಯೊಂದೇ. ನಾವು ನಮ್ಮ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ತೂಗಿ, ಒಂದು ಕಡೆಗೆ ನಿಂತಿದ್ದೇವೆ. ನೀವೂ ಕೇಳಿರಿ, ನೀವೂ ತೂಗಿರಿ. ಬೇರೆ ನಿರ್ಣಯಕ್ಕೆ ಬಂದರೂ ಚಿಂತೆಯಿಲ್ಲ. ಕೇಳದೆ ಮಾತ್ರ ಮತ ಕೊಡಬೇಡಿರಿ.